ಬಾಜೂ ಸರಿಯಾಕ ಹೇಳ

ನಿನ್ನೆ ತಮ್ಮ ನಮ್ಮ ಯರಗುಪ್ಪಿ ಹೊಲದ ಫೋಟೋ ಮೊಬೈಲಿಗೆ ಕಳಿಸಿದ. ಎದೆಮಟ್ಟ ಬೆಳೆದ ಬಿಳಿಜೋಳ, ಬದುವಿನ ಮೇಲೆ ಬನ್ನಿಗಿಡ, ಮೇಲೆಲ್ಲ ಆಕಾಶ. ಮನುಷ್ಯರ ಸುಳಿವಿಲ್ಲ. ಚಿತ್ರ ಬರೆಯುವವಳಿಗೆ ಇನ್ನೇನು ಬೇಕು ಅನ್ನುತ್ತೀರಿ. ನನಗೆ ಮಾತ್ರ ಏನೋ ಬಿಟ್ಟುಹೋದ ಹಾಗೆ ಅನ್ನಿಸಿತು.

ಎಂಬತ್ತರ ದಶಕದಲ್ಲಿ ನಮ್ಮೂರಲ್ಲಿ ಖಾಲಿ ಹೊಲದ ಫೋಟೋ ತೆಗೆದರೆ ರೀಲು ಹಾಳು ಮಾಡಿದ ಹಾಗೆ. ಕಾಕಾ ಕ್ಯಾಮೆರಾ ಎತ್ತಿದರೆ ಸಾಕು, ಮನೆಮಂದಿಯೆಲ್ಲ ಸಾಲಾಗಿ ಬಂದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆಯಿ, ಅಂದರೆ ನಮ್ಮಪ್ಪನ ತಾಯಿ, ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದದ್ದು ಆಗಲೇ. ಹೊಲಕ್ಕೆ ಹೋಗುವುದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಹೊಲ ನೋಡಲೇಬೇಕೆಂದು ಹಟ ಹಿಡಿದಾಗ ಕಾಕಾ ಹಿಂದೆ ತೆಗೆದಿದ್ದ ಕಪ್ಪು ಬಿಳುಪು ಫೋಟೋಗಳನ್ನು ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಅಪ್ಪನ ಎದೆಯ ಮೇಲೆ ಬೆರಳಿಟ್ಟಳು.

“ಇವಗ ಬಾಜೂ ಸರಿಯಾಕ ಹೇಳ. ಬನ್ನಿಗಿಡ ಕಾಣವಲ್ದು.”

ನಗು ಬಂತು, ಸಂಕಟವೂ ಆಯಿತು. ಅಪ್ಪನನ್ನು ನಾನೇ ಸರಿಸುತ್ತೇನೆ ಎಂದು ನಿಶ್ಚಯಿಸಿ ಹತ್ತಿರದ ಸಂಶಿ ಊರಿನಿಂದ ನೀರಿನ ಬಣ್ಣದ ಡಬ್ಬಿ, ದಪ್ಪ ಹಾಳೆ ತಂದೆ. ಶಾಲೆಯಲ್ಲಿ ನಾನು ಕಲಿತದ್ದು ಎರಡು ಗುಡ್ಡ, ನಡುವೆ ಸೂರ್ಯ, ಬದಿಗೊಂದು ತೆಂಗಿನ ಮರ. ಗುಡ್ಡವಾಗಲಿ ತೆಂಗಾಗಲಿ ನಮ್ಮ ಸೀಮೆಯಲ್ಲಿಲ್ಲ. ಎರೆಮಣ್ಣು ಕಪ್ಪಲ್ಲವೇ ಎಂದು ಕಪ್ಪು ಬಳಿದೆ.

“ಹೊಲದಾಗ ಡಾಂಬರ್ ರಸ್ತಾ ಯಾವಾಗ ಆತು?” ಅಂದಳು ಆಯಿ.

ಹರಿದು ಹಾಕಿದೆ. ಮರುದಿನ ನೀಲಿಗೆ ಕಂದು ಬೆರೆಸಿ ಕೂತೆ. ಆಕಾಶ ಒಣಗುವ ಮೊದಲೇ ಜೋಳ ಹಚ್ಚಿದ್ದಕ್ಕೆ ಜೋಳವೆಲ್ಲ ಆಕಾಶಕ್ಕೇರಿತು. ಕೆಟ್ಟ ಹಾಳೆಗಳನ್ನು ಒಲೆಗೆ ಹಾಕುತ್ತ ಅವ್ವ ಮೊದಮೊದಲು ಬೈದಳು, ಆಮೇಲೆ ಬೈಯುವುದನ್ನೂ ಬಿಟ್ಟಳು. ನಾನು ಬಿಡಲಿಲ್ಲ.

ಕಡೆಗೊಮ್ಮೆ ಹೊಲ ಹೊಲದ ಹಾಗೆ ಬಂತು. ಅಪ್ಪನ ಹಿಂದೆ ಮರೆಯಾಗಿದ್ದ ಬನ್ನಿಗಿಡವನ್ನು ನೆನಪಿನಿಂದ ತುಂಬಿದ್ದೆ. ಆಯಿ ಬಹಳ ಹೊತ್ತು ನೋಡಿದಳು.

“ಹೊಲ ಬರೊಬ್ಬರಿ ಐತಿ. ನಾ ಎಲ್ಲಿ ಅದೀನಿ?”

ಎಲ್ಲರನ್ನೂ ಸರಿಸುವ ಭರದಲ್ಲಿ, ಫೋಟೋದ ಅಂಚಿಗೆ ನಿಂತಿದ್ದ ಆಕೆಯನ್ನೂ ಸರಿಸಿಬಿಟ್ಟಿದ್ದೆ. ಆಯಿಯದು ಬಿಳಿ ಸೀರೆ. ನೀರಿನ ಬಣ್ಣದಲ್ಲಿ ಬಿಳಿಯೆಂದರೆ ಹಾಳೆಯೇ. ಮೊದಲೇ ಜಾಗ ಬಿಡಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಮತ್ತೆ ಹೊಸ ಹಾಳೆ ಹಾಸಿದೆ. ಬನ್ನಿಗಿಡದ ಕೆಳಗೆ ಜೋಳದ ಕಾಳಿನಷ್ಟು ಬಿಳಿ ಬಿಟ್ಟು, ಅದರ ಸುತ್ತ ಇಡೀ ಹೊಲ ಬರೆದೆ. ಆಯಿ ಆ ಬಿಳಿಯ ಮೇಲೆ ಬೆರಳಿಟ್ಟುಕೊಂಡೇ ನಿದ್ದೆಹೋದಳು. ಹೊಲಕ್ಕೆ ಕರೆದೊಯ್ಯಿರೆಂದು ಮತ್ತೆಂದೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ತಮ್ಮನ ಫೋಟೋ ಎದುರಿಟ್ಟುಕೊಂಡು ಕೂತೆ. ಇದರಲ್ಲಿ ಯಾರನ್ನೂ ಸರಿಸುವ ಕೆಲಸವಿಲ್ಲ. ಆದರೂ ಆಕಾಶಕ್ಕಿಂತ ಮೊದಲು ಬನ್ನಿಗಿಡದ ಕೆಳಗೆ ಜೋಳದ ಕಾಳಿನಷ್ಟು ಜಾಗ ಗುರುತು ಮಾಡಿದೆ.

“ಬಾ ಆಯಿ, ನಿಂದರು” ಅಂದೆ.