ಸುಣ್ಣದ ಗೆರೆಯ ಶಾಲೆ

ಬಡವನಹಳ್ಳಿಯ ಹೊಂಗೆಮರದ ನೆರಳಲ್ಲಿ ಶಿರಾ ಬಸ್ಸಿಗೆ ಕಾಯುತ್ತಿದ್ದೆ. ನೋಡುತ್ತಿದ್ದಂತೆ ನನ್ನ ಸುತ್ತಲೇ ಒಂದು ಹೊಸ ಶಾಲೆ ಎದ್ದಿತು, ಸುಣ್ಣದ ಪುಡಿಯ ಗೆರೆಗಳಲ್ಲಿ. ಮರವನ್ನು ನಡುವೆ ಉಳಿಸಿಕೊಂಡು ಸುತ್ತ ಕೋಣೆಗಳು. ಶಾಲೆಯ ನಕ್ಷೆ ಮಾಡಿ ಗೆರೆ ಹಾಕಿಸುತ್ತಿದ್ದ ಯುವತಿ "ಇದು ಒಂದನೇ ಕ್ಲಾಸು" ಎನ್ನುವಷ್ಟರಲ್ಲಿ ಊರಿನ ಮಕ್ಕಳು ಅದರೊಳಗೆ ಸಾಲಾಗಿ ಕೂತೇಬಿಟ್ಟಿದ್ದರು.

ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಗೆರೆ ತುಳಿದುಕೊಂಡು ನೇರ ಮರದತ್ತ ಬಂದರು.

"ಅಜ್ಜೀ, ಅದು ಗೋಡೆ!" ಮಕ್ಕಳು ಕೂಗಿದರು.

"ಎಲ್ಲೈತ್ಲಾ ಗೋಡೆ? ದಿನಾ ಇಂಗೇ ಬಂದು ಮರದಡಿ ಹೊರೆ ಇಳುಸ್ತೀನಿ. ನೀವು ಕಟ್ಬುಟ್ರೆ ನಾನೆಲ್ಲಿ ಕೂರ್ಲಿ?"

ಯುವತಿ ಅಜ್ಜಿ ಬಂದ ಕಾಲುದಾರಿಯನ್ನೊಮ್ಮೆ ನೋಡಿ, ಅಲ್ಲಿನ ಸುಣ್ಣವನ್ನು ಚಪ್ಪಲಿಯಿಂದ ಅಳಿಸಿದಳು.

"ಬಾಗಿಲು ಇಲ್ಲೇ ಇರಲಿ ಅಜ್ಜಿ. ಮರಕ್ಕೊಂದು ಕಟ್ಟೆಯನ್ನೂ ಕಟ್ಟಿಸ್ತೀನಿ."

ಅಜ್ಜಿ ಹೊರೆಸಮೇತ ಆಚೆ ಹೋದರು. ತಿರುಗಿ, ಆ ಬಾಗಿಲಲ್ಲಿ ಬಲಗಾಲಿಟ್ಟು ಒಳಗೆ ಬಂದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಬಸ್ಸು ಬಂತು. ಬ್ಯಾಗು ಎತ್ತಿಕೊಂಡು ಗೆರೆ ತುಳಿದು ಅಡ್ಡಲಾಗಿ ಓಡಿದೆ.

"ಏನಪ್ಪಾ, ಗೋಡೆ ಕಾಣಾಕಿಲ್ವಾ? ಬಾಗ್ಲಾಗೆ ಹೋಗು!" ಅಜ್ಜಿ ಗದರಿದರು.

ಡ್ರೈವರ್ ಹಾರನ್ ಒತ್ತುತ್ತಲೇ ಇದ್ದ. ನಾನು ಹಿಂದಕ್ಕೆ ಬಂದು, ಬಾಗಿಲಿಂದಲೇ ಹೊರಟೆ.