ಸುವರ್ಣಾಳ ನುಗ್ಗೆಗಿಡ

ನಿಮ್ಮ ಅಂಗಳದ ನುಗ್ಗೆಗಿಡ ನಿಮ್ಮ ಮಗಳು ನೆಟ್ಟ ಗಿಡದ ಟೊಂಗೆಯಿಂದ ಬೆಳೆದದ್ದಲ್ಲ, ಚಂದವ್ವತ್ತಿ. ನಾನು ನಿಮಗೆ ಸುಳ್ಳು ಹೇಳಿದೆ.

ತೊಂಬತ್ತರ ದಶಕದ ಕೊನೆಯ ಮಾತು. ಆಣೆಕಟ್ಟಿನ ಹಿನ್ನೀರಿಗೆ ನಮ್ಮೂರು ಮುಳುಗುವುದಿತ್ತು. ನಿಡಗುಂದಿಯ ಆಚೆ ಕೊಟ್ಟ ಹೊಸ ಜಾಗಕ್ಕೆ ನೀವು ಮೊದಲೇ ಹೊರಟಿರಿ — ಮೊಣಕಾಲು ನೋವು, ಮತ್ತೆ ಬರುವುದಾಗುವುದಿಲ್ಲ ಎಂದು. ಹೋಗುವಾಗ ನೆರೆಮನೆಯ ಸೊಸೆಯಾದ ನನ್ನ ಕೈ ಹಿಡಿದು ಕೇಳಿದ್ದು ಒಂದೇ.

"ಕಡೀ ಟ್ರ್ಯಾಕ್ಟರಿನ್ಯಾಗ ಸುವರ್ಣಾನ ಗಿಡದ್ದೊಂದು ಟೊಂಗಿ ಕಡಕೊಂಡು ಬಾ ಯವ್ವಾ. ಬ್ಯಾರೆ ಏನೂ ಬ್ಯಾಡ."

ಸುವರ್ಣಾ ಶಾಲೆಗೆ ಹೋಗುವ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡವಳು. ಅವಳ ಕೈಯದೆಂದು ಉಳಿದದ್ದು ಆ ಗಿಡವೊಂದೇ.

ಟೊಂಗೆ ಕಡಿದಿದ್ದೆ. ಮರೆತೆ ಎಂದಾದರೂ ಹೇಳಬಹುದಿತ್ತು — ಮರೆತಿರಲಿಲ್ಲ. ಟ್ರ್ಯಾಕ್ಟರ್ ತುಂಬಿತ್ತು, ನಮ್ಮ ತಲಬಾಗಿಲ ಚೌಕಟ್ಟು ಇನ್ನೂ ಕೆಳಗಿತ್ತು. ಅದಕ್ಕೆ ಜಾಗ ಮಾಡಲು ಟೊಂಗೆಯನ್ನು ನಾನೇ ಎಳೆದು ಬಿಸಾಕಿದೆ. ತೊಡೆಯ ಮೇಲೆ ಹಿಡಿದು ಕೂರಬಹುದಿತ್ತು. ನುಗ್ಗೆ ತಾನೆ, ಎಲ್ಲಿಯಾದರೂ ಸಿಗುತ್ತದೆ ಅನ್ನಿಸಿತು. ನಿಡಗುಂದಿಯಲ್ಲಿ, ರಸ್ತೆಯ ಪಕ್ಕ, ಸಿಕ್ಕೂ ಬಿಟ್ಟಿತು.

ಅದನ್ನು ನಿಮ್ಮ ಕೈಗಿಟ್ಟಾಗ, "ಆಕೀದ ಹೌದಲ್ಲ?" ಅಂದಿರಿ.

"ಹೌದ್ರಿ ಅತ್ತಿ."

ಅದು ಚಿಗುರಿತು. ನನ್ನ ಬಾಣಂತನದಲ್ಲಿ ಅದರ ಎಳೆ ಎಲೆ-ತಪ್ಪಲು ಹರಿದು ತಂದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿ, ಎದೆಹಾಲು ಹೆಚ್ಚಲಿ ಎಂದು ಬಿಸಿ ರೊಟ್ಟಿಯ ಜೊತೆ ಉಣ್ಣಿಸಿದಿರಿ. "ನಮ್ಮ ಸುವರ್ಣಾನ ನಿನ್ನ ಕೂಸಿನ ಹೊಟ್ಟಿ ತುಂಬಸಾಕತ್ತಾಳ ನೋಡು" ಎಂದಿರಿ. ನಾನು ಉಂಡೆ. ಒಮ್ಮೆ ನೀವೇ ಬಾಯಾಡಿಸುತ್ತ, "ಹಳೀ ಊರಾಗ ತಪ್ಪಲಾ ಇಷ್ಟು ಸಪ್ಪಗ ಇರಲಿಲ್ಲ" ಎಂದಾಗ, "ಮಣ್ಣು ಬ್ಯಾರೆ ಅಲ್ರಿ" ಎಂದೆ. ಆಗಲೇ — ಆಗಲಾದರೂ —

ನೀವು ತೀರಿಹೋಗಿ ವರ್ಷವಾಯಿತು. ನಿಮ್ಮ ಮಗ ಸಿದ್ದಣ್ಣ ಬಾಗೇವಾಡಿಯಲ್ಲಿ ಕಟ್ಟಿದ ಮನೆಯ ಮುಂದೆ ನೆಡಲು ಅಕ್ಕನ ಗಿಡದ ಟೊಂಗೆ ಒಯ್ಯುತ್ತೇನೆಂದು ಬಂದಿದ್ದ. ಕೊಡಲಿ ಎತ್ತಿದವನನ್ನು ತಡೆದು ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಕೊಡಲಿ ಕೆಳಗಿಟ್ಟು, "ಅವ್ವ ಇದ್ದಾಗ ಯಾಕ ಹೇಳಲಿಲ್ಲ ವೈನಿ?" ಎಂದ. ಟೊಂಗೆ ಒಯ್ಯದೆ ಹೋದ.

ಅವನಿಗೆ ಹೇಳಲಾಗದ ಉತ್ತರವನ್ನು ನಿಮಗೆ ಹೇಳುತ್ತೇನೆ. ಮೊದಲ ದಿನವೇ ಹೇಳಿದ್ದರೆ ನೀವು ತೆವಳಿಕೊಂಡಾದರೂ ಹಳೇ ಊರಿಗೆ ಹೋಗಿ ಟೊಂಗೆ ತರುತ್ತಿದ್ದಿರಿ. ನೀರು ಬಂದದ್ದು ಆಮೇಲೆ, ಮಳೆಗಾಲದಲ್ಲಿ. ಅಲ್ಲಿಯವರೆಗೂ ಸುವರ್ಣಾಳ ಗಿಡ ನಿಮ್ಮ ಬಿದ್ದ ಗೋಡೆಯ ಪಕ್ಕ ಹಸಿರಾಗಿಯೇ ನಿಂತಿತ್ತು. ಅದು ನನಗೆ ಗೊತ್ತಿತ್ತು; ನೀರು ಬಂದ ಮೇಲೆ ಹೇಳಿದ್ದರೆ ನಿಮಗೂ ಗೊತ್ತಾಗುತ್ತಿತ್ತು.