ಕವರಿನೊಳಗಿನ ಸೀಬೆಹಣ್ಣು

ಪ್ರಮೀಳಾ ಅರ್ಧ ಆಯುಸ್ಸು ಕಳೆದದ್ದು ಅಂತರಸನಹಳ್ಳಿಯ ಗಾರ್ಮೆಂಟ್ಸ್‌ ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನ ಮುಂದೆ. ಶರ್ಟಿನ ಮೇಲೆ ಎಣ್ಣೆಯ ಚುಕ್ಕೆಯೋ ಬಿಟ್ಟುಹೋದ ಹೊಲಿಗೆಯೋ ಕಂಡರೆ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಎಸೆಯುವುದು ಅವಳ ಕೆಲಸ. ನೋಡಲು ಬಂದ ಗಂಡುಗಳಲ್ಲೂ ಅವಳು ಹೀಗೇ ಚುಕ್ಕೆ ಹುಡುಕಿದಳು ಎಂದು ನಂಟರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟುಹೋಗಲಾರದೆ ಅವಳು ಮದುವೆಯಾಗಲಿಲ್ಲ, ಅಷ್ಟೆ. ತಾಯಿ ತೀರಿಹೋದಳು, ಕಾರ್ಖಾನೆಯೂ ಬಾಗಿಲು ಹಾಕಿತು. ಉಪ್ಪಾರಹಳ್ಳಿಯ ಆ ಪುಟ್ಟ ಮನೆಯಲ್ಲಿ ಈಗ ಅವಳು, ಒಂದು ಟಿವಿ, ಕಾಂಪೌಂಡಿನೊಳಗೊಂದು ಸೀಬೆಮರ.

ಆ ಮರದ ದೆಸೆಯಿಂದ ವರ್ಷದಲ್ಲಿ ಒಂದಷ್ಟು ದಿನವಾದರೂ ಮನೆಗೆ ಜನ ಬರುತ್ತಿದ್ದರು. ಹಣ್ಣು ಘಮ್ಮೆಂದರೆ ಸಾಕು, ಬೀದಿಯ ಹೆಂಗಸರು ಉಪ್ಪುಖಾರದ ಪೊಟ್ಟಣ ಹಿಡಿದೇ ಗೇಟು ತೆಗೆಯುತ್ತಿದ್ದರು. ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಎದುರು ಮನೆಯ ನರಸಿಂಹಮ್ಮ. ಅಜ್ಜಿಗೆ ಕಣ್ಣು ಮಂಜಾಗಿ ಎಷ್ಟೋ ಕಾಲವಾಗಿತ್ತು. ಮೂಗು ಮಾತ್ರ ಚುರುಕು. ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕೂತು, "ಗಿಣಿ ಕಚ್ಚಿರೋದಿದ್ರೆ ಕೊಡವ್ವ, ಅದು ಹುಡ್ಕಿ ಹುಡ್ಕಿ ಸೀ ಇರೋದ್ನೇ ಕಚ್ಚೋದು" ಎನ್ನುತ್ತಿದ್ದಳು. ಆಮೇಲೆ ಸಂಜೆಯವರೆಗೂ ಮಾತು. ಪ್ರಮೀಳಾ ವರ್ಷವಿಡೀ ಕಾಯುತ್ತಿದ್ದದ್ದು ಆ ಮಾತಿಗೆ. ಅದು ಅವಳಿಗೇ ಗೊತ್ತಿರಲಿಲ್ಲ.

ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಹಣ್ಣಿನ ಹುಳ, ಕಪ್ಪು ಚುಕ್ಕೆ, ಗಿಣಿ ಮಾಡಿದ ಗಾಯ. ಮನೆಗೆ ಬಂದವರ ಕೈಗೆ ರಿಜೆಕ್ಟ್ ಮಾಲು ಕೊಡುವುದೆಂದರೆ ಅವಳಿಗೆ ತಲೆ ತಗ್ಗಿಸುವ ಮಾತು. ಈ ಸಲ ಗುಬ್ಬಿಗೆ ಹೋಗಿದ್ದಾಗ ಗೊಬ್ಬರದಂಗಡಿಯಲ್ಲಿ ಹಣ್ಣಿಗೆ ತೊಡಿಸುವ ಬಿಳಿ ಕವರುಗಳನ್ನು ಕಂಡು ಕಟ್ಟುಗಟ್ಟಲೆ ತಂದಳು. ಒಂದೊಂದು ಕಾಯಿಗೆ ಒಂದೊಂದು ಸಾಕೆಂದಿದ್ದ ಅಂಗಡಿಯವನು. ಒಂದರಲ್ಲಿ ಇವಳಿಗೆ ಸಮಾಧಾನವಾಗಬೇಕಲ್ಲ! ನಿಂಬೆಗಾತ್ರದ ಕಾಯಿಗೆ ಮೊದಲು ನ್ಯೂಸ್‌ಪೇಪರ್ ಸುತ್ತಿ, ಮೇಲೆ ಕವರ್ ತೊಡಿಸಿ, ತೊಟ್ಟಿನ ಬಳಿ ದಾರ ಬಿಗಿದಳು. ಸ್ಟೂಲು ಹತ್ತಿ, ಎಟುಕದ ಕೊಂಬೆಯನ್ನೂ ಬಗ್ಗಿಸಿ ಕಟ್ಟಿದಳು. ಆಮೇಲೆ ಮೂಡಿದ ಎಳೆಗಾಯಿಗಳನ್ನೂ ಬಿಡಲಿಲ್ಲ.

ಕಾಯಿ ಹಣ್ಣಾಯಿತು. ಕವರ್ ಬಿಚ್ಚಿದರೆ ಮೇಣದಂಥ ನುಣುಪು, ಒಂದು ಗೀರಿಲ್ಲ. ಪ್ರಮೀಳಾ ಹಿಗ್ಗಿ, ಹಣ್ಣನ್ನು ಬುಟ್ಟಿಯಲ್ಲಿ ಜೋಡಿಸಿ, ಉಪ್ಪುಖಾರ ಕಲಸಿಟ್ಟು ಮೆಟ್ಟಿಲ ಮೇಲೆ ಕೂತಳು. ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಗಿಣಿಗಳು ಕೂಡ ಆ ಕಡೆ ಸುಳಿಯಲಿಲ್ಲ. ಹೋಗಿ ಕರೆಯೋಣವೆಂದರೆ ಅವಳಿಗೆ ನಾಲಿಗೆ ಏಳದು. ಇಷ್ಟು ವರ್ಷ ಯಾರನ್ನೂ ಕರೆದವಳಲ್ಲ. ಯಾರ ಮನಸ್ಸು ನೋಯಿಸಿದೆ, ಯಾರಿಗೆ ಏನಂದೆ ಎಂದು ನೆನೆದು ನೆನೆದು ಕೊನೆಗೆ ಅಳುವೇ ಬಂತು.

ಕಡೆಗೆ ತಟ್ಟೆ ಹಿಡಿದು ತಾನೇ ಎದುರು ಮನೆಗೆ ಹೋದಳು. ನರಸಿಂಹಮ್ಮ ಒಂದು ಹಣ್ಣನ್ನು ಮೂಗಿಗೆ ಹಿಡಿದಳು, ತಿರುಗಿಸಿ ಮತ್ತೆ ಹಿಡಿದಳು.

"ಯಾವ ಅಂಗ್ಡೀಲಿ ತಂದೆ?"

"ನಮ್ ಮರದ್ದೇ ಕಣಜ್ಜಿ."

"ನಿಮ್ ಮರ ಈ ಸಲ ಕಾಯೇ ಬಿಟ್ಟಿಲ್ಲ ಅನ್ಕಂಡಿದ್ದೆ. ವಾಸ್ನೇನೇ ಬರ್ಲಿಲ್ವಲ್ಲ. ಸುಮ್‌ಸುಮ್ನೆ ಹೆಂಗವ್ವ ಬರಾದು?" ಅಜ್ಜಿ ಹಣ್ಣನ್ನು ತಟ್ಟೆಗಿಟ್ಟಳು. "ನಾಳೆ ಮಗ ಚಂದ್ರು ನನ್ನ ಕುಣಿಗಲ್‌ಗೆ, ಮಗ್ಳು ಮನೆಗೆ ಬುಟ್ ಬತ್ತಾನೆ. ಇನ್ಮೇಲೆ ಅಲ್ಲೇ ಇರಾದು."

ಪ್ರಮೀಳಾ ಮನೆಗೆ ಬಂದು ಹಣ್ಣನ್ನು ಕಚ್ಚಿದಳು. ಸಿಹಿಯೇನೋ ಇತ್ತು, ಬಾಯಿ ತುಂಬುವ ಘಮ ಇರಲಿಲ್ಲ. ಬಿಸಿಲೇ ಕಾಣದ ಹಣ್ಣಿಗೆ ಮೈಕಟ್ಟು ಬಂದಿತ್ತೇ ಹೊರತು ವಾಸನೆ ಬಂದಿರಲಿಲ್ಲ. ಆ ಸಂಜೆಯೇ ಎಳೆಗಾಯಿಗಳ ಕವರನ್ನೆಲ್ಲ ಕಿತ್ತು ಹಾಕಿದಳು. ಆದರೆ ಅವು ಹಣ್ಣಾಗುವ ತನಕ ಚಂದ್ರು ಕಾಯುತ್ತಾನೆಯೇ? ಬೆಳಗ್ಗೆ ಅಜ್ಜಿಯ ಬಟ್ಟೆಯ ಗಂಟನ್ನು ಆಟೋಗೆ ಏರಿಸಿದ. ಎದುರು ಜಗಲಿ ಖಾಲಿಯಾಯಿತು.

ಕೆಲವು ವಾರ ಕಳೆದು ಘಮ ಎದ್ದಿತು. ಹೆಂಗಸರು ಗೇಟು ತೆಗೆದರು, ತಿಂದರು, ನಕ್ಕರು, ಹೋದರು. ಅಷ್ಟು ಜನರ ನಡುವೆ ಕೂತೂ ಪ್ರಮೀಳಾಗೆ ಹಿಂದೆಂದೂ ಇಲ್ಲದಷ್ಟು ಒಂಟಿಯೆನಿಸಿತು. ಮರುದಿನ ಚೀಲದ ತುಂಬ ಹಣ್ಣು ತುಂಬಿಕೊಂಡು ಕುಣಿಗಲ್ ಬಸ್ಸು ಹತ್ತಿದಳು.

ಮಗಳ ಮನೆಯ ಬಾಗಿಲಲ್ಲಿ ನರಸಿಂಹಮ್ಮ ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದಳು. ಪ್ರಮೀಳಾ ಇನ್ನೂ ಬಾಯಿ ತೆರೆದಿರಲಿಲ್ಲ, ಅಜ್ಜಿ ಮುಖವೆತ್ತಿದಳು.

"ಪ್ರಮೀಳಾ ಏನವ್ವ?"

ಪ್ರಮೀಳಾ ಕುರ್ಚಿಯ ಪಕ್ಕದಲ್ಲೇ ಕೂತಳು. ಚೀಲಕ್ಕೆ ಕೈಹಾಕಿ, ಚೊಕ್ಕ ಹಣ್ಣುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಹುಡುಕಿದಳು. ಗಿಣಿ ಕಚ್ಚಿದ್ದೊಂದು ಸಿಕ್ಕಿತು. ಅದನ್ನು ಸೆರಗಿನಲ್ಲಿ ಒರೆಸಿ ಅಜ್ಜಿಯ ಅಂಗೈಯಲ್ಲಿಟ್ಟಳು.